ಬೇಕರಿ ಬ್ರೆಡ್ಡು ಬಾರದ ಭಾನುವಾರ

ನಾವು ಕೊಳ್ಳೇಗಾಲದ ಕಡೆಯವರು. ನಮ್ಮನ್ನು ಸೇವೆಗೆ ಕಳಿಸಿದ ಸಮಿತಿಯವರು ಹೊಳಗುಂದದ ಹತ್ತಿರದ ಈ ಹಳ್ಳಿಯ ಹೆಸರು ಹೇಳಿದ ದಿನ ನನ್ನ ಅವ್ವ, "ಆಂಧ್ರವಾ? ಅದು ಪರದೇಶ ಕಣವ್ವ," ಎಂದು ಕಣ್ಣೀರು ಹಾಕಿದ್ದಳು. ಬಂದು ನೋಡಿದರೆ ಅರ್ಧ ಊರು ಕನ್ನಡ ಮಾತಾಡುತ್ತಿತ್ತು. ಆದರೂ ಅವ್ವ ಹೇಳಿದ್ದು ಸುಳ್ಳಲ್ಲ. ಬಸ್ಸಿನ ಬೋರ್ಡು ತೆಲುಗು, ಹಾಡಿನ ಪುಸ್ತಕ ತೆಲುಗು, ಆಸ್ಪತ್ರೆಯ ಚೀಟಿ ತೆಲುಗು. ನನ್ನ ಕನ್ನಡ ಕೇಳಿದರೆ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮುದ್ದೆ ತಿಂದು ಬೆಳೆದ ನನಗೆ ಜೋಳದ ರೊಟ್ಟಿ ಬಡಿಯಲು ಬಾರದೆಂದು ಗೊತ್ತಾದ ಮೇಲಂತೂ ಅವರಿಗೆ ಒಂದು ತಿಂಗಳು ಬೇರೆ ಮಾತೇ ಇರಲಿಲ್ಲ.

ನನ್ನ ಗಂಡ ಇಲ್ಲಿಯ ಸಣ್ಣ ಸಭೆಗೆ ಪಾಸ್ಟರು, ಹಾಗಾಗಿ ನಾನು ಪಾಸ್ಟ್ರಮ್ಮ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಜಗುಲಿಯ ಮೇಲೆ ಯಾರಾದರೂ ಕೂತಿರುತ್ತಾರೆ. ಒಬ್ಬರಿಗೆ ಕರು ಹಾಕದ ಎಮ್ಮೆಗೆ ಪ್ರಾರ್ಥನೆ ಬೇಕು, ಇನ್ನೊಬ್ಬರಿಗೆ ಮಗಳ ಹಾಲ್ ಟಿಕೆಟ್ಟಿಗೆ. ಹೊಸ ಬೋರ್‌ವೆಲ್ ಮೋಟರಿನ ಮೇಲೆ ಕೈಯಿಟ್ಟು ಪ್ರಾರ್ಥಿಸಿ ನನ್ನ ಗಂಡ ಶಾಕ್ ಹೊಡೆಸಿಕೊಂಡದ್ದೂ ಉಂಟು. ಹೆರಿಗೆಗೆ, ಕಣ್ಣಿನ ಆಪರೇಷನ್ನಿಗೆ ದೂರದ ಪೇಟೆ ಆದೋನಿಗೆ ಜೊತೆಯಲ್ಲಿ ಹೋಗುವುದು ನನ್ನ ಕೆಲಸ.

ನಮ್ಮ ಸಭೆಗೆ ಎರಡು ಕೇರಿಗಳಿಂದ ಜನ ಬರುತ್ತಾರೆ. ಊರಿನವರ ಕಣ್ಣಿಗೆ ಎರಡೂ ಕೇರಿ ಒಂದೇ, ಎರಡೂ ಊರಾಚೆಯವೇ. ಆದರೆ ಮೇಲಿನ ಕೇರಿಯವರು ಮುಂದೆ ಕೂರುತ್ತಾರೆ, ಕೆಳಗಿನ ಕೇರಿಯವರು ಬಾಗಿಲ ಬಳಿ. ಕೆಳಗಿನ ಕೇರಿಯವರದು ತಲೆಮಾರುಗಳಿಂದ ತೊಗಲಿನ ಕೆಲಸ. ನನಗೆ ರೊಟ್ಟಿ ಬಡಿಯಲು ಕಲಿಸಿದವಳು ಆ ಕೇರಿಯ ಒಬ್ಬ ವಿಧವೆ. ನಾನು ಅವಳನ್ನು ರೊಟ್ಟಿ ಅಕ್ಕ ಎನ್ನುತ್ತೇನೆ. ನನ್ನ ಮೊದಲ ರೊಟ್ಟಿ ನೋಡಿ, "ಇದು ರೊಟ್ಟಿ ಅಲ್ಲಮ್ಮಾ, ನಿಮ್ ಊರಿನ ನಕ್ಷೆ," ಎಂದಿದ್ದಳು.

ಇನ್ನು ಸಭೆಯ ಹಿರಿಯರು ಒಬ್ಬರಿದ್ದಾರೆ. ಚರ್ಚಿಗೆ ಇಲ್ಲಿ ಗುಡಿ ಎನ್ನುತ್ತಾರೆ, ಅದರ ಬೀಗದ ಕೈ ಇರುವುದು ಅವರ ಸೊಂಟದಲ್ಲಿ, ಮನೆ ಇರುವುದು ಮೇಲಿನ ಕೇರಿಯಲ್ಲಿ. ದಿನಾ ಬೆಳಿಗ್ಗೆ ನಮ್ಮ ಮನೆಯ ಟೀ ಕುಡಿದು, "ಸಕ್ರಿ ನಿಮ್ ಮಾತಿನ್ಯಾಗ ಇರಲಿ, ಟೀನ್ಯಾಗ ಬ್ಯಾಡ," ಎಂದು ರೇಗಿಸಿ ಹೋಗುತ್ತಿದ್ದರು. ನನ್ನ ಗಂಡನಿಗೆ ಡೆಂಗಿ ಬಂದಾಗ ಎರಡು ವಾರ ಮೊಸರು ತಂದುಕೊಟ್ಟವರು ಅವರೇ. ಕೆಟ್ಟವರೆಂದು ಹೇಳಿ ಕೈತೊಳೆದುಕೊಳ್ಳುವಂಥ ಮನುಷ್ಯರಲ್ಲ.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುಸ್ವಾಮಿಯ ಕೊನೆಯ ಊಟದ ನೆನಪಿಗೆ ಒಂದೇ ರೊಟ್ಟಿಯನ್ನು ಎಲ್ಲರೂ ಹಂಚಿ ತಿನ್ನುವುದು. ಮುರಿದು ಹಂಚುವ ರೊಟ್ಟಿಗೆ ಬದಲಾಗಿ ಇಲ್ಲಿ ಆದೋನಿಯ ಬೇಕರಿ ಬ್ರೆಡ್ಡು. ಶನಿವಾರ ಬ್ಯಾಗು ಹಿಡಿದು ಬಸ್ಸು ಹತ್ತುವುದು ನನ್ನ ಗಂಡನ ಕೆಲಸ. ಮೂರು ವರ್ಷ ನಾನು ಇದನ್ನು ಬರೀ ಪದ್ಧತಿ ಎಂದುಕೊಂಡಿದ್ದೆ. ಮನೆಮನೆಯಲ್ಲಿ ರೊಟ್ಟಿ ಬಡಿಯುವ ಊರಿನಲ್ಲಿ ಬ್ರೆಡ್ಡಿಗಾಗಿ ಅಷ್ಟು ದೂರ ಏಕೆ ಹೋಗಬೇಕೆಂದು ಒಮ್ಮೆಯೂ ಕೇಳಲಿಲ್ಲ.

ಕಳೆದ ಮಳೆಗಾಲದ ಒಂದು ಶನಿವಾರ ಹಳ್ಳ ತುಂಬಿ ಸೇತುವೆಯ ಮೇಲೆ ಹರಿಯಿತು. ಬಸ್ಸು ಬರಲಿಲ್ಲ. ನಾನು ರೊಟ್ಟಿ ಅಕ್ಕನ ಮನೆಗೆ ಹೋಗಿ, ನಾಳೆಯ ಭೋಜನಕ್ಕೆ ಎರಡು ರೊಟ್ಟಿ ಬೇಕು ಎಂದೆ.

"ಬ್ಯಾಡ ಪಾಸ್ಟ್ರಮ್ಮಾ," ಎಂದಳು. "ಮಂದಿ ತಿನ್ನಂಗಿಲ್ಲ."

ಜೋಳದ ರೊಟ್ಟಿ ಭೋಜನಕ್ಕೆ ಸಲ್ಲದೆಂದು ಅವಳ ಅಂಜಿಕೆ ಇರಬೇಕು ಎಂದುಕೊಂಡೆ. ಯೇಸುಸ್ವಾಮಿಯೇನು ಬೇಕರಿಗೆ ಹೋಗಿದ್ದನೇ ಎಂದು ದೊಡ್ಡ ಬುದ್ಧಿವಂತೆಯ ಹಾಗೆ ಕೇಳಿ ಒಪ್ಪಿಸಿ ಬಂದೆ.

ಭಾನುವಾರ ಅವಳು ಬಿಳಿ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಗುಡಿಯ ಬಾಗಿಲಿಗೆ ಬಂದಳು. ಹಿರಿಯರು ಬಾಗಿಲಲ್ಲೇ ನಿಂತಿದ್ದರು.

"ಭೋಜನ ಮುಂದಿನ ವಾರ ಇಟ್ಕೊಳ್ಳೋಣ್ರಿ," ಎಂದರು ನನ್ನ ಗಂಡನಿಗೆ, ಮೆಲ್ಲಗೆ. "ನಿಮಗ ಹೊಸದು, ತಿಳಿದಿಲ್ಲ. ಬೇಕರಿದು ಯಾವ ಕೈಯಾಗ ಆಗೈತಿ ಅಂತ ಯಾರಿಗೂ ಗೊತ್ತಾಗಂಗಿಲ್ಲ. ಅದಕ್ಕ ಎಲ್ಲಾರೂ ತಿಂತಾರ. ಇದು ಹಂಗಲ್ಲ."

ಆಗ ನನ್ನ ಮಂಡೆಗೆ ಹೊಳೆಯಿತು. ನನ್ನ ಮುಖದ ಬಣ್ಣ ನೋಡಿಯೋ ಏನೋ, ಅವರೇ ಒಂದು ದಾರಿ ಹುಡುಕಿಕೊಟ್ಟರು. "ಒಂದ್ ಕೆಲ್ಸ ಮಾಡ್ರಿ ಪಾಸ್ಟ್ರಮ್ಮಾ. ಇನ್ನಾ ಅರ್ಧ ಗಂಟಿ ಐತಿ. ನೀವ ಎರಡು ಬಡಕೊಂಡ್ ಬರ್ರಿ. ನೀವ್ ಬಡಿದ್ರ ಯಾರೂ ಏನೂ ಅನ್ನಂಗಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ಗಂಡ ನನ್ನ ಮುಖ ನೋಡಿದ. ಅವನಿಗೆ ಜಗಳ ಆಗದು. ರೊಟ್ಟಿ ಅಕ್ಕ ಆಗಲೇ ಹೆಜ್ಜೆ ಹಿಂದಿಟ್ಟು, "ಹೌದಮ್ಮಾ, ನೀವ ಮಾಡ್ರಿ. ನನಗೇನೂ ಇಲ್ಲ," ಎಂದು ತಟ್ಟೆಯ ಬಟ್ಟೆ ಸರಿಮಾಡಿಕೊಂಡಳು.

ಅವಳಿಗೆ ಏನೂ ಇಲ್ಲವಂತೆ! ಸಿಟ್ಟು ನೆತ್ತಿಗೇರಿತು. ಹಿರಿಯರ ಮೇಲಿನದಕ್ಕಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚು. ಏಕೆಂದರೆ ನಾವೂ ಆ ಬೇಕರಿ ಬ್ರೆಡ್ಡಿನ ಹಾಗೆಯೇ ಇದ್ದೆವು. ಎಲ್ಲಿಂದಲೋ ಬಂದವರು, ಯಾವ ಕೈಯೆಂದು ಯಾರಿಗೂ ಗೊತ್ತಿಲ್ಲ. ಇಲ್ಲಿಗೆ ಹೊರಟಾಗಲೇ ನನ್ನ ಗಂಡ, "ಕೇಳಿದರೆ ಹೇಳೋಣ, ಕೇಳದಿದ್ದರೆ ಸುಮ್ಮನಿರೋಣ," ಎಂದಿದ್ದ. ಯಾರೂ ನೇರವಾಗಿ ಕೇಳಿರಲಿಲ್ಲ. ನಾವೂ ಬಾಯಿ ಬಿಟ್ಟಿರಲಿಲ್ಲ. ಆ ಮೌನದ ನೆರಳಲ್ಲಿ ಮೂರು ವರ್ಷ ಹಾಯಾಗಿದ್ದೆವು.

"ನನ್ನ ಕೈ ಯಾವ ಕೈ ಅಂತ ಗೊತ್ತಾ ನಿಮ್ಗೆ?" ಎಂದೆ. "ನಮ್ ತಾತ ತೊಗಲು ಹದ ಮಾಡ್ತಿದ್ದ. ಸತ್ತ ದನ ಹೊತ್ಕೊಂಡು ಬರ್ತಿದ್ದ. ಈ ಅಕ್ಕನ ಮನೆಗೂ ನಮ್ ಮನೆಗೂ ಬಸ್ಸಿನ ದೂರ ಬಿಟ್ರೆ ಬೇರೆ ದೂರ ಇಲ್ಲ. ಇವತ್ತು ಬೆಳಿಗ್ಗೆನೂ ಟೀ ಕುಡುದ್ರಲ್ಲ, ಅದು ಮಾಡಿದ್ದು ಇದೇ ಕೈ."

ಹಿರಿಯರ ಮುಖ ಬಿಳಿಚಿಕೊಂಡಿತು. ಗಂಟಲವರೆಗೆ ಕೈ ಹೋಗಿ ಅಲ್ಲೇ ನಿಂತಿತು. ನನ್ನ ಗಂಡ ಅಕ್ಕನ ಕೈಯಿಂದ ತಟ್ಟೆ ತೆಗೆದುಕೊಂಡು ನೇರ ಒಳಗೆ ಹೋಗಿ ಮೇಜಿನ ಮೇಲಿಟ್ಟ. ಮದುವೆಯಾದ ದಿನಕ್ಕಿಂತ ಆ ದಿನ ಅವನ ಮೇಲೆ ನನಗೆ ಹೆಚ್ಚು ಪ್ರೀತಿ ಬಂತು.

ಸುದ್ದಿ ನಮಗಿಂತ ಮೊದಲೇ ಒಳಗೆ ಹೋಗಿತ್ತು. ಮುಂದಿನ ಸಾಲಿನಿಂದ ಏಳೆಂಟು ಜನ ಹಾಡಿನ ನಡುವೆಯೇ ಎದ್ದು ಹೋದರು. ಹಿರಿಯರು ಹೋಗಲಿಲ್ಲ. ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆ ನೋಡುತ್ತ ಕೂತರು. ನನ್ನ ಗಂಡ ರೊಟ್ಟಿ ಮುರಿದ ಸದ್ದು ಗುಡಿಗೆಲ್ಲ ಕೇಳಿಸಿತು, ಬ್ರೆಡ್ಡಿಗೆ ಆ ಸದ್ದು ಇಲ್ಲ. "ಬನ್ನಿ," ಎಂದ. ಯಾರೂ ಏಳಲಿಲ್ಲ.

ಆಗ ಬಾಗಿಲ ಬಳಿಯಿಂದ ರೊಟ್ಟಿ ಅಕ್ಕ ಎದ್ದಳು. ಮೂರು ವರ್ಷದಲ್ಲಿ ಅವಳು ಕೊನೆಯವಳಾಗಿ ಬಂದು ಉಳಿದ ಚೂರು ತೆಗೆದುಕೊಂಡದ್ದನ್ನಷ್ಟೇ ನಾನು ಕಂಡಿದ್ದೆ. ಅವಳು ಸೆರಗು ಸರಿಮಾಡಿಕೊಂಡು ಗುಡಿಯ ನಟ್ಟನಡುವೆ ನಡೆದು ಬಂದು ಮೊದಲ ಚೂರಿಗೆ ಕೈಯೊಡ್ಡಿದಳು. ನಾನು ಅತ್ತುಬಿಟ್ಟೆ, ಕಣ್ಣೀರು ಮುಚ್ಚಿಡಲಿಲ್ಲ. ಅವಳ ಹಿಂದೆ ಅವಳ ಕೇರಿ ಬಂತು. ಕೊನೆಗೆ ಮೇಲಿನ ಕೇರಿಯ ಒಬ್ಬ ಹಲ್ಲಿಲ್ಲದ ಮುದುಕಿ ಕೋಲೂರಿಕೊಂಡು ಬಂದು ಚೂರನ್ನು ಬಾಯಲ್ಲಿ ತಿರುವಿ, "ಉಪ್ಪು ಕಮ್ಮಿ ಆಗೈತಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹಿರಿಯರು ತಿನ್ನಲಿಲ್ಲ.

ಆ ವಾರವೇ ನಮ್ಮನ್ನು ಬದಲಾಯಿಸಿ ಎಂದು ಮೇಲಿನ ಕೇರಿಯಿಂದ ಸಮಿತಿಗೆ ಪತ್ರ ಹೋಯಿತು. ಸಮಿತಿ ವಿವರಣೆ ಕೇಳಿತು. ವಿವರಣೆಯನ್ನು ನಾನೇ ಬರೆದೆ, ತಾತನ ಕಸುಬು ಸಹಿತ. ಉತ್ತರ ಇನ್ನೂ ಬಂದಿಲ್ಲ. ಬೆಳಗಿನ ಟೀಗೆ ಹಿರಿಯರು ಬರುವುದಿಲ್ಲ. ಬೇಸರವಿಲ್ಲವೆಂದರೆ ಸುಳ್ಳಾಗುತ್ತದೆ, ಈಗಲೂ ಕೈತಪ್ಪಿ ಒಂದು ಲೋಟ ನೀರು ಹೆಚ್ಚಿಗೆ ಇಡುತ್ತೇನೆ. ಪಶ್ಚಾತ್ತಾಪ ಮಾತ್ರ ಇಲ್ಲ.

ಮುಂದಿನ ತಿಂಗಳ ಹೊತ್ತಿಗೆ ಹಳ್ಳ ಇಳಿದು ಬಸ್ಸು ಓಡಾಡತೊಡಗಿತು. ಶನಿವಾರ ಅಭ್ಯಾಸಬಲದಿಂದ ನನ್ನ ಗಂಡ ಬ್ಯಾಗು ಹಿಡಿದು ಹೊಸ್ತಿಲಲ್ಲಿ ನಿಂತ. ನಾನು ಅದರಲ್ಲಿ ಎರಡು ಸೇರು ಜೋಳ ಸುರಿದು, ಗಿರಣಿಗೆ ಹೋಗಿ ಬೀಸಿಸಿ ಅಕ್ಕನ ಮನೆಗೆ ಕೊಟ್ಟು ಬಾ ಎಂದೆ. ಅವನು ಬೀದಿಯ ತಿರುವು ಮುಟ್ಟಿದ ಮೇಲೆ ನೆನಪಾಗಿ ಕೂಗಿ ಹೇಳಿದೆ, ಈ ಸಲ ಉಪ್ಪು ಸರಿಯಾಗಿ ಹಾಕಲಿ ಎಂದು.