ಕಾರ್ ರೇಸಿಗೆ ದೋಣಿಯ ಲೆಕ್ಕ

“ಎಂತದು ತಂಗಿ, ಬಸ್ಸು ಹತ್ತಿದಾಗಿಂದ ಅದನ್ನೇ ಓದ್ತಾ ಇದ್ದೀಯಲ್ಲ?”

ಕಾರವಾರದಿಂದ ಅಂಕೋಲೆಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯ ಮೀನುಗಾರರು ಕೇಳಿದರು. ನನ್ನ ಕೈಯಲ್ಲಿದ್ದದ್ದು ಆಗಷ್ಟೇ ಕೊಂಡ ಕಾರ್ ರೇಸಿನ ಕಂಪ್ಯೂಟರ್ ಆಟದ ಸಿ.ಡಿ. ಡಬ್ಬಿಯ ಹಿಂದೆ ಮೆಮೊರಿ ಕನಿಷ್ಠ 256 ಎಂ.ಬಿ., ಚೆನ್ನಾಗಿ ಆಡಲು 512 ಬೇಕೆಂದಿತ್ತು. ನಮ್ಮ ಕಂಪ್ಯೂಟರಿನಲ್ಲಿದ್ದದ್ದು ಬರೀ 256. ಓಡುತ್ತದೋ ಇಲ್ಲವೋ ಎಂಬ ಚಿಂತೆಯನ್ನು ಅವರಿಗೇ ಹೇಳಿಕೊಂಡೆ.

“ಸಣ್ಣ ಎಂಜಿನ್ನಿನ ದೋಣಿ ಇದ್ದಂಗೆ. ಹೊಳೆ ಸಮುದ್ರ ಸೇರೋ ಅಳಿವೆ ಇದೆಯಲ್ಲ, ಅದರ ಒಳಗೆ, ಹೊಳೆ ನೀರಲ್ಲಿ ಚಂದ ಓಡ್ತದೆ. ಅಳಿವೆ ದಾಟಿ ಹೊರಗೆ ಸಮುದ್ರದ ತೆರೆ ಸಿಕ್ತೋ, ನಿಲ್ತದೆ” ಎಂದರು.

ಮನೆಗೆ ಬಂದು ಸಿ.ಡಿ. ಹಾಕಿದೆ. ಖಾಲಿ ರಸ್ತೆಯಲ್ಲಿ ನನ್ನ ಕಾರು ಹಾರಿತು. ಎಂಟು ಕಾರು ಒಟ್ಟಿಗೆ ಬಂದದ್ದೇ ತಡ, ಪರದೆ ಗಪ್ಪನೆ ನಿಂತಿತು. ಸಿಟ್ಟಾಗುವ ಬದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಸ್ಸಿನಲ್ಲಿ ಕೇಳಿದ ದೋಣಿಯ ಮಾತನ್ನು ಮನೆಯವರಿಗೂ ಹೇಳಿದೆ.

ಅಂದಿನಿಂದ ಹೊಸ ಆಟ ತಂದರೆ ನಮ್ಮ ಮನೆಯಲ್ಲಿ ಯಾರೂ ‘ಓಡ್ತದಾ’ ಎನ್ನುವುದಿಲ್ಲ. ‘ಅಳಿವೆ ದಾಟ್ತದಾ’ ಎಂದೇ ಕೇಳುತ್ತಾರೆ.