ಸೋತವರು ಕುಣಿದ ಶನಿವಾರ

…ಅಥವಾ ನಮ್ಮ ತಂಡದವರ ಅಂಗಿ ನೀಲಿಯೇ ಆಗಿರಲಿಲ್ಲವೇನೋ. ಹಸಿರು ಎನ್ನುತ್ತಾಳೆ ಹೆಂಡತಿ. ಎರಡೂ ಇತ್ತು, ತಮ್ಮೂರಲ್ಲಿ ಆಡುವಾಗ ಒಂದು, ಹೊರಗೆ ಹೋದಾಗ ಇನ್ನೊಂದು ಎನ್ನುತ್ತಾಳೆ ಮಗಳು. ನನಗೆ ನೆನಪಿರುವುದು ನೀಲಿ. ಆದರೆ ಆ ಚಳಿಗಾಲದ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನೆನಪಿಟ್ಟುಕೊಳ್ಳಬೇಕಾದ ಮಿದುಳಿಗೇ ಆಗ ಪೆಟ್ಟು ಬಿದ್ದಿತ್ತು.

ಧೈರ್ಯವಾಗಿ ಹೇಳಬಹುದಾದದ್ದು ಇಷ್ಟು. ಅಮೆರಿಕದ ಏಪೆಕ್ಸ್ ಊರಿನ ನಮ್ಮ ಮನೆಯಲ್ಲಿ, ಅಕ್ಟೋಬರಿನ ಒಂದು ಬೆಳಿಗ್ಗೆ, ಆಫೀಸಿನ ವಿಡಿಯೊ ಕಾಲ್ ನಡುವೆ ನನಗೆ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸರಿಹೋದವು. ಮಾತು ಮಾತ್ರ ಹಿಂದಿರುಗಲಿಲ್ಲ. ಬೇಕಾದ ಪದ ಬಾಯಿಗೆ ಬರುತ್ತಿರಲಿಲ್ಲ. ಬೇರೆಯವರು ಬೇಗ ಬೇಗ ಆಡಿದ್ದು ಅರ್ಥವಾಗುತ್ತಿರಲಿಲ್ಲ.

ಮೈಸೂರಿನಲ್ಲಿ ಅಣ್ಣನ ಜೊತೆಗಿರುವ ಅಮ್ಮನಿಗೆ ಇದು ತಿಳಿಯಬಾರದೆಂದು ಅಣ್ಣನೂ ನನ್ನ ಹೆಂಡತಿಯೂ ತೀರ್ಮಾನಿಸಿದ್ದರು. ಹಿಂದಿನ ವರ್ಷವಷ್ಟೇ ಅಮ್ಮನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಅಮ್ಮನ ಫೋನು ಬರುತ್ತಿತ್ತು. ನಾನು ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದೆ.

“ಮೀಟಿಂಗ್‌ನಲ್ಲಿದಾರೆ ಅತ್ತೆ.”

“ಭಾನುವಾರಾನೂ ಎಂಥ ಮೀಟಿಂಗೇ ಅದು?”

“ಸಾಫ್ಟ್‌ವೇರ್ ರಿಲೀಸ್ ಇದೆ ಅತ್ತೆ. ನೆಕ್ಸ್ಟ್ ವೀಕ್ ಮಾತಾಡಿಸ್ತೀನಿ.”

“ಹೋದ ವಾರಾನೂ ಹಿಂಗೇ ಅಂದೆ. ನನ್ನ ಮೇಲೆ ಕೋಪ ಏನೋ ಅವನಿಗೆ?”

ಹೆಂಡತಿ ಫೋನಿಟ್ಟು ನನ್ನ ಕಡೆ ನೋಡುತ್ತಿದ್ದಳು. ಬೈದರೆ ಚೆನ್ನಾಗಿತ್ತು, ಬೈಯುತ್ತಿರಲಿಲ್ಲ. ನಾನು ಒಂದು ಸಲ ಅಮ್ಮನೊಡನೆ ಮಾತಾಡಿಬಿಟ್ಟರೆ ಸಾಕಾಗಿತ್ತು. ಅದೊಂದು ಫೋನಿಗಾಗಿ ಮನೆ ಕಾಯುತ್ತಿತ್ತು.

ಸ್ಪೀಚ್ ಥೆರಪಿಸ್ಟ್ ಅಮೆರಿಕದ ಹೆಂಗಸು. ತುಟಿ ಕಾಣುವಂಥ ಪಾರದರ್ಶಕ ಮಾಸ್ಕ್ ಹಾಕಿಕೊಳ್ಳುತ್ತಿದ್ದರು. ಮನೆಯಲ್ಲಿ ಒಂದೇ ಭಾಷೆ ಆಡಿ, ವಾಕ್ಯ ಚಿಕ್ಕದಿರಲಿ, ಪ್ರತಿ ವಾಕ್ಯದ ನಂತರ ನಿಲ್ಲಿಸಿ ಎಂದು ಹೇಳಿದ್ದರು. ಹೆಂಡತಿಗೆ ಇದು ಸಾಧ್ಯವೇ ಆಗಲಿಲ್ಲ. “ರೀ, ಟ್ಯಾಬ್ಲೆಟ್ ತಗೊಂಡ್ರಾ, ಫಾರ್ಮಸಿಯಿಂದ ರೀಫಿಲ್ ಮೆಸೇಜ್ ಬಂದಿದೆ, ನಾನೇ ಡ್ರೈವ್ ಮಾಡ್ಕೊಂಡು ಹೋಗಿ ಪಿಕಪ್ ಮಾಡ್ತೀನಿ” ಎಂದು ಒಂದೇ ಉಸಿರಿಗೆ ಹೇಳುತ್ತಿದ್ದಳು. ಅದು ನನ್ನ ತಲೆಯ ಮೇಲೆ ಸುರಿದು ಹರಿದುಹೋಗುತ್ತಿತ್ತು. ಹೇಳಿ ಮುಗಿದ ಮೇಲೆ ಅವಳೇ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಥೆರಪಿಸ್ಟ್ ಹೇಳಿದಂಥ ಭಾಷೆ ನಮ್ಮ ಮನೆಯಲ್ಲಿ ಆಗಲೇ ಒಬ್ಬರಿಗೆ ಬರುತ್ತಿತ್ತು. ಹೈಸ್ಕೂಲಿನಲ್ಲಿದ್ದ ಮಗಳಿಗೆ. ಇಲ್ಲೇ ಹುಟ್ಟಿದವಳು, ಅವಳಿಗೆ ಗೊತ್ತಿದ್ದ ಕನ್ನಡ ಸ್ವಲ್ಪ. ಮೂರು ಪದ, ಒಂದು ನಿಲುಗಡೆ, ಮತ್ತೆ ಮೂರು ಪದ. ಮನೆಗೆ ಬಂದ ನೆಂಟರ ಮುಂದೆ ನಾನು ಅವಳ ಕನ್ನಡವನ್ನು ಅಣಕಿಸಿ ನಗಿಸುತ್ತಿದ್ದೆ. ಒಂದು ಸಲ ಅವಳು ಎದ್ದು ಮಹಡಿಗೆ ಹೋಗಿದ್ದಳು. ಅಲ್ಲಿಂದ ಮುಂದೆ ನನಗೆ ಇಂಗ್ಲಿಷಿನಲ್ಲೇ ಉತ್ತರ. ಸ್ಟ್ರೋಕ್ ಆದ ಮೇಲೆ ಅವಳು ಮತ್ತೆ ಕನ್ನಡ ಆಡತೊಡಗಿದ್ದಳು. ಈಗ ಮನೆಯಲ್ಲಿ ನನಗೆ ಪೂರ್ತಿ ಅರ್ಥವಾಗುತ್ತಿದ್ದದ್ದು ಅವಳ ಕನ್ನಡವೊಂದೇ.

ಹ್ಯಾಂಡ್‌ಬಾಲ್ ನಮ್ಮ ಟೀವಿಗೆ ಹೇಗೆ ಬಂತೋ ಗೊತ್ತಿಲ್ಲ. ಯಾವುದೋ ವಿಡಿಯೊ ಮುಗಿದು ತಾನಾಗಿ ಶುರುವಾಯಿತು ಎಂದು ಮಗಳು. ಥೆರಪಿಸ್ಟ್ ಸೂಚಿಸಿದರು ಎಂದು ಹೆಂಡತಿ. ಯುರೋಪಿನ ಮಹಿಳಾ ಕ್ಲಬ್‌ಗಳ ನಾಕೌಟ್ ಪಂದ್ಯಾವಳಿ, ಸೋತವರು ಮನೆಗೆ. ಅಲ್ಲಿ ಶನಿವಾರ ಸಂಜೆ ಆಡಿದರೆ ನಮಗೆ ಮಧ್ಯಾಹ್ನದ ಊಟದ ಹೊತ್ತು. ಏಳೇಳು ಹುಡುಗಿಯರು, ಬಾಸ್ಕೆಟ್‌ಬಾಲಿನಂತೆ ಕೈಯಲ್ಲಿ ಚೆಂಡು, ಫುಟ್ಬಾಲಿನಂತೆ ಗೋಲು. ಕಾಮೆಂಟರಿ ನಮಗೆ ಯಾರಿಗೂ ಬಾರದ ಭಾಷೆಯಲ್ಲಿತ್ತು. ಆ ಕೋಣೆಯಲ್ಲಿ ಮೂವರಿಗೂ ಒಂದೇ ಸ್ಥಿತಿ. ಎಷ್ಟೋ ವಾರಗಳಿಂದ ನನಗೆ ಅಂಥದ್ದೊಂದು ಸಮಾಧಾನ ಸಿಕ್ಕಿರಲಿಲ್ಲ. ಮಗಳು ಅದನ್ನು ಮ್ಯೂಟ್ ಮಾಡಿ ತಾನೇ ಶುರುಮಾಡಿದಳು.

“ಅಪ್ಪ, ನೋಡು. ನಂಬರ್ ನೈನ್. ಬಾಲ್ ಕೊಟ್ಳು. ಇವಳು ಓಡ್ತಾಳೆ. ಜಂಪ್ ಮಾಡಿದ್ಳು. ಹೊಡೆದ್ಳು. ಅಪ್ಪ, ಏನು?”

ಕಾಯುತ್ತಿದ್ದಳು. ನಾನು ಹುಡುಕುತ್ತಿದ್ದೆ. ಅಷ್ಟರಲ್ಲಿ ಇನ್ನೊಂದು ಕಡೆ ಇನ್ನೊಂದು ಗೋಲಾಗಿರುತ್ತಿತ್ತು. ಹ್ಯಾಂಡ್‌ಬಾಲಿನ ದೊಡ್ಡ ಗುಣವೆಂದರೆ ಈ ಸಲ ತಪ್ಪಿದ ಪದಕ್ಕೆ ಮುಂದಿನ ನಿಮಿಷದಲ್ಲೇ ಮತ್ತೆ ಅವಕಾಶ. ಕೊಟ್ಳು, ಓಡಿದ್ಳು, ಹೊಡೆದ್ಳು, ಹೋಯ್ತು. ಒಂದು ಗಂಟೆಯಲ್ಲಿ ಅದೇ ನಾಲ್ಕು ಪದ ಎಷ್ಟೋ ಸಲ.

ನನ್ನ ಮೊದಲ ಪದ “ಗೋಲ್” ಎಂದು ಹೆಂಡತಿ ಎಲ್ಲರಿಗೂ ಹೇಳಿದ್ದಾಳೆ. ಕೇಳಲು ಚೆನ್ನಾಗಿದೆ, ಅದಕ್ಕೇ ನನಗೆ ಅನುಮಾನ. ಚೆಂಡು ಕಂಬಕ್ಕೆ ಬಡಿದಾಗ ಅಂದ “ಛೆ” ಇರಬೇಕು ಮೊದಲು ಬಂದದ್ದು. ಕ್ರಮವಾಗಿ ಸುತ್ತಿನಿಂದ ಸುತ್ತಿಗೆ ನನ್ನ ಮಾತು ಬೆಳೆಯಿತು, ಕ್ವಾರ್ಟರ್‌ಫೈನಲಿಗೆ ವಾಕ್ಯ ಬಂತು ಎಂಬುದೂ ಅವಳದೇ ಕಥೆ. ಹಾಗೇನೂ ಇಲ್ಲ. ಜನವರಿಯಲ್ಲಿ ಬಂದ ಪದ ಫೆಬ್ರವರಿಯಲ್ಲಿ ಹೋಗಿತ್ತು. ಒಂದು ದಿನ ರಿಮೋಟ್ ಎಸೆದಿದ್ದೆ.

ಆದರೆ ಒಂದು ಶನಿವಾರ ಮಾತ್ರ ಸ್ಪಷ್ಟ. ನಾವು ನಮ್ಮವರೆಂದುಕೊಂಡಿದ್ದ ತಂಡ ಸೋತಿತು. ಪರದೆಯ ಮೇಲಿನ ಅಂಕಿ ನಾನೇ ಓದಿದೆ; ಎರಡು ಗೋಲು ಕಡಿಮೆ. ಸೋತವರು ಕೈಕೈ ಹಿಡಿದು ಸುತ್ತುಗಟ್ಟಿ ಕುಣಿಯತೊಡಗಿದರು. ಗೆದ್ದವರು ನೆಲದ ಮೇಲೆ ಕೂತು ಅಳುತ್ತಿದ್ದರು. ಪದಗಳಂತೆ ಅಂಕಿಗಳೂ ಹೋದವು, ಇನ್ನು ಯಾವುದೂ ಉಳಿಯಲಿಲ್ಲ ಎನಿಸಿತು. ಹೆಂಡತಿಯ ಕೈ ಹಿಡಿದುಕೊಂಡೆ.

“ಅಯ್ಯೋ, ಯಾಕ್ ರೀ?” ಎಂದಳು. ಆಮೇಲೆ ಟೀವಿ ನೋಡಿ, “ಇದೇನೇ ಇದು, ಸೋತೋರು ಡಾನ್ಸ್ ಮಾಡ್ತಿದಾರೆ? ಇವಕ್ಕೇನು ತಲೆ ಕೆಟ್ಟಿದ್ಯಾ?”

ಮಗಳು ನಕ್ಕು ನನ್ನ ಮುಂದೆ ಬಂದು ಕೂತಳು. “ಅಪ್ಪ, ಕೇಳು. ಎರಡು ಮ್ಯಾಚ್. ಹೋದ ವಾರ ಒಂದು. ನಾವು ಗೆದ್ವಿ. ಐದು ಗೋಲ್ ಜಾಸ್ತಿ. ಇವತ್ತು ಸೋತ್ವಿ. ಎರಡು ಗೋಲ್ ಕಡಿಮೆ. ಎರಡೂ ಸೇರಿಸು.” ನಿಲ್ಲಿಸಿದಳು. ಬೆರಳು ಎತ್ತಲಿಲ್ಲ, ಸುಳಿವು ಕೊಡಲಿಲ್ಲ.

“ಮೂರು,” ಎಂದೆ.

“ಹೌದು! ಮೂರು. ಸೋ ನಾವು ಗೆದ್ವಿ.”

“ಇದೊಳ್ಳೆ ಆಟ ಕಣೇ,” ಎಂದಳು ಹೆಂಡತಿ. “ನಿಮ್ಮಪ್ಪಂಗೆ ಅರ್ಥ ಆಯ್ತು, ನಂಗೆ ಇನ್ನೂ ಆಗ್ಲಿಲ್ಲ.”

ಅವತ್ತು ಮೂವರೂ ನಕ್ಕೆವು. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲವೋ, ನನಗಾಗಿ ಹಾಗೆಂದಳೋ ಕೇಳಿಲ್ಲ. ಎರಡರಲ್ಲಿ ಯಾವುದಾಗಿದ್ದರೂ ಅದಕ್ಕೆ ನಾನು ಋಣಿ. ತನ್ನ ಗೆಳತಿಯರನ್ನು ಬಿಟ್ಟು ಶನಿವಾರಗಳನ್ನೆಲ್ಲ ನನ್ನ ಸೋಫಾದ ಪಕ್ಕ ಕಳೆದ ಮಗಳಿಗೆ, ಯಾವ ನಾಲಿಗೆಯನ್ನು ನಾನು ಅಣಕಿಸುತ್ತಿದ್ದೆನೋ ಅದೇ ನಾಲಿಗೆಯಿಂದ ನನ್ನ ಭಾಷೆಯನ್ನು ನನಗೆ ಮರಳಿಸಿದವಳಿಗೆ, ಏನು ಹೇಳಬೇಕೆಂದು ಇವತ್ತೂ ಪದ ಸಿಕ್ಕಿಲ್ಲ. ಇದಕ್ಕೆ ಸ್ಟ್ರೋಕ್ ಕಾರಣವಲ್ಲ.

ನಮ್ಮ ತಂಡ ಸೆಮಿಫೈನಲಿನಲ್ಲಿ ಹೊರಬಿತ್ತಂತೆ. ನಾನು ಆ ಹೊತ್ತಿಗೆ ನಿದ್ದೆಹೋಗಿದ್ದೆ.

ಅಮ್ಮನಿಗೆ ಫೋನು ಮಾಡಿದ್ದು ಅದರ ಮರುದಿನವೋ, ಇನ್ನೂ ಕೆಲವು ವಾರ ಕಳೆದ ಮೇಲೋ. ಹೆಂಡತಿ ನಾಲ್ಕು ವಾಕ್ಯ ಬರೆದುಕೊಟ್ಟಿದ್ದಳು. ಕರೆ ಹೋದ ಕೂಡಲೇ ಅಕ್ಷರಗಳು ಕಲಸಿಹೋದವು. ಮಗಳು ಹಾಳೆಯನ್ನು ಮಡಚಿ ಕೆಳಗಿಟ್ಟಳು.

“ಅಮ್ಮಾ,” ಎಂದೆ. “ನಾನು. ಚೆನ್ನಾಗಿದೀನಿ. ಕೆಲಸ… ಜಾಸ್ತಿ.”

ನನ್ನಮ್ಮ ಒಂದು ಮಾತಿನೊಳಗೆ ಇನ್ನೊಂದು, ಅದರೊಳಗೆ ಪಕ್ಕದ ಮನೆಯವರದ್ದು ಎಂದು ಬಿಡುವಿಲ್ಲದೆ ಆಡುವವಳು. ಎದುರಿನವರಿಗೆ ವಾಕ್ಯ ಮುಗಿಸಲು ಬಿಟ್ಟವಳಲ್ಲ. ಆವತ್ತು ಹಾಗೆ ಆಡಲಿಲ್ಲ.

“ಊಟ ಆಯ್ತೇನೋ?” ಎಂದಳು. ನಿಲ್ಲಿಸಿದಳು.

“ಆಯ್ತು.”

“ಏನು ಮಾಡಿದ್ಲು?” ಮತ್ತೆ ನಿಲ್ಲಿಸಿದಳು. ತುಂಬ ಹೊತ್ತು. ಆ ಕಡೆ ಫ್ಯಾನ್ ಸದ್ದು ಕೇಳುತ್ತಿತ್ತು.

“ಹುಳಿ,” ಎಂದೆ. ಮನೆಯಲ್ಲಿ ಆವತ್ತು ಮಾಡಿದ್ದು ಪಾಸ್ತಾ. ಸಿಕ್ಕಿದ ಪದ ಹೇಳಿದೆ.

“ಒಳ್ಳೇದು ಕಣೋ,” ಎಂದಳು ಅಮ್ಮ, ಒಂದೊಂದೇ ಪದವಾಗಿ. ಮೀಟಿಂಗಿನ ವಿಷಯ ಎತ್ತಲಿಲ್ಲ. ಮುಂದಿನ ವಾರವೂ ಎತ್ತಲಿಲ್ಲ.

ತಾನು ಏನೂ ಹೇಳಿಲ್ಲವೆಂದು ಅಣ್ಣ ಆಣೆ ಮಾಡುತ್ತಾನೆ. ಅಮ್ಮನನ್ನೇ ಕೇಳಬಹುದು, ಈಗ ನನಗೆ ಅಷ್ಟು ಮಾತು ಬರುತ್ತದೆ. ಆದರೆ ಕೇಳಬೇಕಾದರೆ ಮೊದಲು ನಡೆದದ್ದನ್ನು ಹೇಳಬೇಕು. ಅದನ್ನು ನಾವು ಇವತ್ತಿಗೂ ಹೇಳಿಲ್ಲ. ಆಕೆಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.