ಕರಿ ಕಂಬಳಿಯ ಮುಂದೆ ಏಕಾಂತಮ್ಮ

ಹೊಸದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಚಿತ್ರಲಿಂಗಪ್ಪನ ಫೋಟೋ ಸ್ಟುಡಿಯೋ ಇತ್ತು. ಪರದೆಯ ಮೇಲೆ ಬಣ್ಣದಲ್ಲಿ ಬರೆದ ಹೂದೋಟ, ಕಾರಂಜಿ. ಎದುರಿಗೆ ದೊಡ್ಡ ದೀಪಗಳು. ಫೋಟೋ ಹಿಡಿಯುತ್ತಿದ್ದವನು ಚಿತ್ರಲಿಂಗಪ್ಪನಾದರೂ ಮನೆಯ ಉಗ್ರಾಣದ ಕತ್ತಲಲ್ಲಿ ಫಿಲ್ಮ್ ತೊಳೆದು ಪ್ರಿಂಟ್ ಹಾಕುತ್ತಿದ್ದವಳು ಅವನ ಹೆಂಡತಿ ಏಕಾಂತಮ್ಮ. ಊರಿನ ಅರ್ಧ ಮುಖಗಳು ಮೊದಲು ಮೂಡಿದ್ದು ಅವಳ ತಟ್ಟೆಯ ನೀರಿನಲ್ಲಿ.

೧೯೭೩ರ ಬೇಸಿಗೆಯಲ್ಲಿ ಚಿತ್ರಲಿಂಗಪ್ಪ ಕಾಮಾಲೆಯಾಗಿ ತೀರಿಕೊಂಡ. ಅವನ ಅಣ್ಣ ದೊಡ್ಡತಿಮ್ಮಪ್ಪ ಸ್ಟುಡಿಯೋದ ಬೀಗದಕೈ ತೆಗೆದುಕೊಂಡ. ಪರದೆ, ದೀಪ, ಕುರ್ಚಿ ಎಲ್ಲ ಅವನ ಪಾಲಾದವು. ಕ್ಯಾಮೆರಾ ಮಾತ್ರ ಏಕಾಂತಮ್ಮನ ಮನೆಯ ಪೆಟ್ಟಿಗೆಯಲ್ಲಿತ್ತು. ಅದನ್ನೂ ಕೇಳಲು ಬಂದ.

“ಕೊಡಮ್ಮ, ನಿಂಗ್ಯಾಕೆ ಅದು? ಗಂಡ ಸತ್ತೋಳು ಕ್ಯಾಮೆರಾ ಹಿಡ್ಕಂಡು ನಿಂತ್ರೆ ಊರು ಏನಂತೈತೆ?”

“ಅನ್ನಲಿ ಬಿಡ್ರಿ ಬಾವ. ಸ್ಟುಡಿಯೋ ನಿಮಗೆ ಹೋತು. ಇದು ಹೋಗಲ್ಲ.”

ಹಾಗೆ ಹೇಳಿ ಕಳಿಸಿದ್ದೇನೋ ಆಯಿತು. ಆದರೆ ಮನೆಯಲ್ಲೇ ಫೋಟೋ ಹಿಡಿಯೋಣವೆಂದರೆ ಪರದೆಯಿಲ್ಲ, ದೀಪವಿಲ್ಲ. ಗೋಡೆಯ ತುಂಬ ಹೊಗೆಯ ಕಲೆ, ಮೊಳೆ, ಗೂಡು. ಇದನ್ನೆಲ್ಲ ಮರೆಮಾಡುವುದು ಹೇಗೆ? ಹೊದೆಯುವ ಕರಿ ಕಂಬಳಿಯನ್ನು ಹಗ್ಗಕ್ಕೆ ಇಳಿಬಿಟ್ಟು, ಅದಕ್ಕೆ ಒತ್ತಿಕೊಂಡಂತೆ ಪಕ್ಕದ ಮನೆಯ ನಾಗಕ್ಕನನ್ನು ಕೂರಿಸಿ ಫೋಟೋ ಹಿಡಿದಳು. ಪ್ರಿಂಟಿನಲ್ಲಿ ಕಂಬಳಿ ಬೂದಿಯ ಬಣ್ಣಕ್ಕೆ ತಿರುಗಿ, ಎಳೆ ಎಳೆಯೂ ಎದ್ದು ಕಂಡಿತು.

“ಇದೇನಕ್ಕ, ಕುರಿಹಟ್ಟೀಲಿ ಕುಂತಂಗೈತೆ!” ಎಂದು ನಾಗಕ್ಕ ನಕ್ಕಳು.

ಕಂಬಳಿ ಕರಿಯದಾಗಿದ್ದರೆ ಸಾಲದು, ಅದರ ಮೇಲೆ ಬೆಳಕು ಬೀಳಲೇಬಾರದು ಎಂಬುದು ಏಕಾಂತಮ್ಮನಿಗೆ ಆಗ ಹೊಳೆಯಿತು. ಕಂಬಳಿಯನ್ನು ಪಡಸಾಲೆಯ ಒಳಗೋಡೆಗೆ ಒಯ್ದು ಕಟ್ಟಿದಳು. ಸೂರಿನ ಬೆಳಕಿಂಡಿಗೆ ಗೋಣಿಚೀಲ ತುರುಕಿದಳು. ಬೀದಿ ಬಾಗಿಲ ಒಂದೇ ಕದ ತೆರೆದು, ಅದರ ಮಗ್ಗುಲಿಗೆ, ಕಂಬಳಿಯಿಂದ ದೂರದಲ್ಲಿ ನಾಗಕ್ಕನನ್ನು ಕೂರಿಸಿದಳು. ಬೆಳಕು ಒಂದು ಕೆನ್ನೆಯ ಮೇಲೆ ಬಿತ್ತು. ಇನ್ನೊಂದು ಕೆನ್ನೆ ಪೂರ್ತಿ ಮುಳುಗದಿರಲೆಂದು ಆ ಕಡೆ ಮಂಚ ನಿಲ್ಲಿಸಿ ಗಂಡನ ಬಿಳಿ ಪಂಚೆ ಹರವಿದಳು. ಈ ಸಲ ಗೋಡೆಯೂ ಇಲ್ಲ, ಮನೆಯೂ ಇಲ್ಲ. ಗಾಢ ಕಪ್ಪಿನೊಳಗಿಂದ ನಾಗಕ್ಕನ ಮುಖವೊಂದೇ ಎದ್ದು ಬಂದಿತ್ತು, ಮೂಗುತಿ ಮಿಂಚುತ್ತ. ನಾಗಕ್ಕ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. “ನಾನು ಹಿಂಗಿದೀನಾ?” ಎಂದಳು.

ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಅಷ್ಟರಲ್ಲಿ ಬೇರೆ ಕ್ಯಾಮೆರಾ ತಂದು ಸ್ಟುಡಿಯೋ ನಡೆಸುತ್ತಿದ್ದ ದೊಡ್ಡತಿಮ್ಮಪ್ಪ ಅಲ್ಲಿಗೆ ಬಂದವರ ಕಿವಿಗೆಲ್ಲ ಒಂದು ಮಾತು ಹಾಕಿದ. ಬೆನ್ನ ಹಿಂದೆ ಕತ್ತಲೆ ಇಟ್ಟುಕೊಂಡು ಫೋಟೋ ಹಿಡಿಸಿಕೊಂಡವರು ವರ್ಷ ದಾಟುವುದಿಲ್ಲ, ಅದರಲ್ಲೂ ವಿಧವೆಯ ಕೈಯಲ್ಲಿ. ಮಾತು ಊರೆಲ್ಲ ಹಬ್ಬಿತು. ಹೆಂಗಸರು ಬರುವುದು ನಿಂತಿತು. ಕಡೆಗೆ ನಾಗಕ್ಕನೂ ತನ್ನ ಫೋಟೋವನ್ನು ಸೆರಗಲ್ಲಿ ಮುಚ್ಚಿಕೊಂಡು ತಂದಳು.

“ಮನೇಲಿ ಬ್ಯಾಡ ಅಂತಾರಕ್ಕ. ನೀನೇ ಇಟ್ಕ.”

ಏಕಾಂತಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆಗಿಂದಾಗಲೇ ತಲೆ ಬಾಚಿ, ಸೆರಗನ್ನು ತಲೆಯ ಮೇಲೆ ಹೊದೆಯದೆ, ಕ್ಯಾಮೆರಾ ಹೊಂದಿಸಿಟ್ಟು ತಾನೇ ಹೋಗಿ ಬಾಗಿಲ ಮಗ್ಗುಲಿಗೆ ಕುಳಿತಳು.

“ಒತ್ತು ಅಂದಾಗ ಒತ್ತು ನಾಗಕ್ಕ.”

“ಏನಾದ್ರೂ ಆದ್ರೆ?”

“ಆದ್ರೆ ನನಗಲ್ವೇನೆ ಆಗೋದು? ಒತ್ತು.”

ಆ ಫೋಟೋವನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಬೀದಿಗೆ ಕಾಣುವಂತೆ ಜಗಲಿಯ ಗೋಡೆಗೆ ತೂಗುಹಾಕಿದಳು. ಹಾರವಿಲ್ಲ, ಕುಂಕುಮವಿಲ್ಲ, ನೆಟ್ಟ ನೋಟದ ಒಂದು ಮುಖ. ಸಂತೆಗೆ ಹೋಗುವವರು ನಿಂತು ನೋಡಿದರು. ದೊಡ್ಡತಿಮ್ಮಪ್ಪ ಓಡಿಬಂದ.

“ತೆಗಿ ಅದನ್ನ! ಮನೆ ಮರ್ಯಾದೆ ಬೀದಿಗಿಟ್ಟೀಯ.”

“ವರ್ಷ ದಾಟಲ್ಲ ಅಂದ್ರಲ್ಲ ಬಾವ, ದಿನಾ ಬಂದು ನೋಡ್ಕಂಡು ಹೋಗ್ರಿ. ನಾನು ಇಲ್ಲೇ ಇರ್ತೀನಿ.”

ಕೆಲವು ದಿನಗಳ ಮೇಲೆ ಅವಳ ಅತ್ತೆ ವೀರಮ್ಮ ಕೋಲೂರಿಕೊಂಡು ಬಂದಳು. ಮುದುಕಿ ಇದ್ದದ್ದು ದೊಡ್ಡತಿಮ್ಮಪ್ಪನ ಮನೆಯಲ್ಲಿ. ಜೀವಮಾನದಲ್ಲಿ ಒಂದೂ ಫೋಟೋ ಹಿಡಿಸಿಕೊಂಡವಳಲ್ಲ. ಕೇಳಿದಾಗಲೆಲ್ಲ ದೊಡ್ಡಮಗ, ಈ ಸುಕ್ಕು ಮುಖಕ್ಕೆ ಯಾಕೆ ಫಿಲ್ಮ್ ದಂಡ ಎನ್ನುತ್ತಿದ್ದ.

“ನಂದೊಂದು ಹಿಡಿಯೇ,” ಎಂದಳು.

“ಬಾವಂಗೆ ಗೊತ್ತಾದ್ರೆ ಅತ್ತೆ?”

“ಗೊತ್ತಾಗ್ಲಿ ಅಂತಾನೇ ನಡು ಬೀದೀಲಿ ಬಂದೀನಿ.”

“ವರ್ಷ ದಾಟಲ್ಲ ಅಂತಾರೆ.”

“ನನ್ನ ವಯಸ್ಸಿಗೆ ಅದೂ ಒಂದು ಬೆದರಿಕೆನಾ? ಹಿಡಿ, ಹಿಡಿ.”

ಏಕಾಂತಮ್ಮ ಕೂರಿಸಿದಳು. ಪಕ್ಕದ ಬೆಳಕಿಗೆ ಸುಕ್ಕುಗಳು ಎದ್ದು ಕಾಣುತ್ತಿದ್ದವು. ಮುಖವನ್ನು ಬಾಗಿಲ ಕಡೆ ತುಸು ತಿರುಗಿಸಿದರೆ ಅವು ಮರೆಯಾಗುತ್ತವೆ ಎಂದಳು.

“ಯಾಕೆ ಮರೆಯಾಗ್ಬೇಕು? ಎಲ್ಲಾ ನಂದೇ,” ಎಂದು ವೀರಮ್ಮ ಕದಲಲಿಲ್ಲ.

ಬೆಳಕು ಕಡಿಮೆಯಾದ್ದರಿಂದ ಅಲ್ಲಾಡದೆ ಕೂರಬೇಕಿತ್ತು. ಏಕಾಂತಮ್ಮ ಕ್ಯಾಮೆರಾಕ್ಕೆ ಬಗ್ಗಿದಳು. ಅಷ್ಟರಲ್ಲಿ ಮುದುಕಿಯ ಮುಖ ಕಪ್ಪಾಯಿತು. ತಲೆ ಎತ್ತಿ ನೋಡಿದರೆ ದೊಡ್ಡತಿಮ್ಮಪ್ಪ ಬಾಗಿಲು ತುಂಬಿಕೊಂಡು ನಿಂತಿದ್ದ.

“ಅವ್ವ, ಎದ್ದೇಳು. ಹೋಗಾಣ.”

“ಬಾವ, ಬೆಳಕು ಬಿಟ್ಟು ನಿಂತ್ಕಳ್ರಿ,” ಎಂದಳು ಏಕಾಂತಮ್ಮ.

ಅವನು ಕೇಳಿಸದವನಂತೆ ನಿಂತ. ವೀರಮ್ಮ ಕತ್ತು ಕೂಡ ತಿರುಗಿಸಲಿಲ್ಲ.

“ಸರಿಯೋ ಆಚೆಗೆ, ತಿಮ್ಮ. ನನ್ನ ಮುಖ ಬರ್ತಾ ಐತೆ.”

ಜಗಲಿಯ ಮುಂದೆ ಆಗಲೇ ನಾಲ್ಕು ಜನ ಸೇರಿದ್ದರು. ದೊಡ್ಡತಿಮ್ಮಪ್ಪ ಅವರನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿ ಪಕ್ಕಕ್ಕೆ ಸರಿದ. ಬೆಳಕು ಮತ್ತೆ ಬಂತು. ಏಕಾಂತಮ್ಮ ಗುಂಡಿ ಒತ್ತಿದಳು.

ವೀರಮ್ಮನ ಫೋಟೋ ಸೊಸೆಯದರ ಪಕ್ಕಕ್ಕೆ ಏರಿತು. ವರ್ಷ ಕಳೆಯಿತು. ಅತ್ತೆಗೂ ಏನೂ ಆಗಲಿಲ್ಲ, ಸೊಸೆಗೂ ಆಗಲಿಲ್ಲ. ನಾಗಕ್ಕ ಬಂದು ತನ್ನ ಫೋಟೋ ಕೇಳಿ ಇಸಿದುಕೊಂಡು ಹೋದಳು. ಹೊಳಲ್ಕೆರೆ ಕಡೆಯಿಂದಲೂ ಜನ ಮನೆ ಹುಡುಕಿಕೊಂಡು ಬಂದರು. ದೊಡ್ಡತಿಮ್ಮಪ್ಪ ಮಾತ್ರ ಮತ್ತೆ ಆ ಹೊಸಿಲು ತುಳಿಯಲಿಲ್ಲ. ಏಕಾಂತಮ್ಮ ಕರೆಯಲೂ ಇಲ್ಲ.

ಆಮೇಲೊಂದು ದಿನ ಬಾಗಿಲಿಗೆ ಬೋರ್ಡು ಬರೆಯಲು ಪೇಂಟರ್ ಜುಂಜಣ್ಣ ಬಂದ. “ಮೇಲೆ ದಿವಂಗತ ಚಿತ್ರಲಿಂಗಪ್ಪನವರ ಧರ್ಮಪತ್ನಿ ಅಂತ ಹಾಕಾಣೇನಮ್ಮ? ಚೆನ್ನಾಗಿರ್ತೈತೆ,” ಎಂದ.

“ಫೋಟೋ ಹಿಡಿಯೋಳು ನಾನಲ್ವಾ ಜುಂಜಣ್ಣ? ನನ್ನ ಹೆಸರು ಬರಿ. ದೊಡ್ಡ ಅಕ್ಷರದಾಗೆ ಬರಿ.”